ವೈಫೈ ಅಲೆಗಳೂ ಮನೆಯ ಮರೆಯೂ

ಅಂತರ್ಜಾಲದ ಸಂಪರ್ಕಕ್ಕಾಗಿ ಗೃಹಸ್ಥರು ಗೋಡೆಗೆ ತಗುಲಿಸಿಕೊಂಡಿರುವ ವೈಫೈ ಪೆಟ್ಟಿಗೆಯು ಅದೇ ಅಲೆಗಳಿಂದ ಮನೆಯೊಳಗಿನವರ ಓಡಾಟವನ್ನೂ ಅರಿಯಬಲ್ಲದೆಂಬುದು ಈಗ ಕೇವಲ ಪ್ರಯೋಗಶಾಲೆಯ ಕುತೂಹಲವಾಗಿ ಉಳಿದಿಲ್ಲ. ಐ.ಇ.ಇ.ಇ. ಎಂಬ ವಿದ್ಯುತ್ ತಂತ್ರಜ್ಞರ ಅಂತರರಾಷ್ಟ್ರೀಯ ಸಂಸ್ಥೆಯು 2025ರಲ್ಲಿ 802.11 ಬಿ.ಎಫ್. ಎಂಬ ಮಾನಕವನ್ನು ಪ್ರಕಟಿಸಿ, ಸುತ್ತಲಿನ ಚಲನೆಯನ್ನು ಗ್ರಹಿಸುವುದನ್ನೂ ವೈಫೈಯ ಅಂಗೀಕೃತ ಕಾರ್ಯಗಳಲ್ಲಿ ಸೇರಿಸಿದೆ. ಈ ಶಕ್ತಿಯುಳ್ಳ ಪೆಟ್ಟಿಗೆಗಳು ನಮ್ಮ ಊರುಗಳನ್ನು ತುಂಬುವುದಕ್ಕೆ ಮುಂಚೆಯೇ ಶಾಸನಕರ್ತರು ಈ ವಿಷಯವನ್ನು ಪರ್ಯಾಲೋಚಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಇದರಲ್ಲಿ ಇಂದ್ರಜಾಲವೇನೂ ಇಲ್ಲ. ಪೆಟ್ಟಿಗೆಯಿಂದ ಹೊರಟ ನಿಸ್ತಂತು ಅಲೆಯು ನೇರವಾಗಿಯೂ, ಗೋಡೆ, ಬೀರು, ನೆಲಗಳಿಗೆ ತಾಗಿ ಹಿಂತಿರುಗಿಯೂ, ಹತ್ತಾರು ದಾರಿಗಳಿಂದ ಫೋನಿಗೆ ಬಂದು ಸೇರುತ್ತದೆ. ಕಲ್ಯಾಣಿಗೆ ಕಲ್ಲೆಸೆದಾಗ ನಾಲ್ಕು ಕಡೆಯ ಮೆಟ್ಟಿಲುಗಳಿಂದ ಮರಳಿದ ತೆರೆಗಳು ಒಂದೆಡೆ ಕೂಡಿ ಉಬ್ಬುವಂತೆಯೂ ಇನ್ನೊಂದೆಡೆ ಒಂದನ್ನೊಂದು ಅಡಗಿಸುವಂತೆಯೂ ಇವು ಬೆರೆಯುತ್ತವೆ. 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಅಲೆಯ ಉದ್ದವು ಸುಮಾರು 12.5 ಸೆಂಟಿಮೀಟರು. ಬಹುಪಾಲು ನೀರಿನಿಂದಾದ ಮಾನವ ಶರೀರವು ಈ ಅಲೆಗಳನ್ನು ಹೀರುವುದೂ ಉಂಟು, ಪ್ರತಿಫಲಿಸುವುದೂ ಉಂಟು. ಆದ್ದರಿಂದ ಕೋಣೆಯಲ್ಲಿ ಒಬ್ಬನು ಗೇಣುದ್ದ ಸರಿದರೂ ಬೆರಕೆಯು ಬದಲಾಗಿಬಿಡುತ್ತದೆ. ಇದನ್ನು ಅಳೆಯಲು ಹೊಸ ಯಂತ್ರವು ಬೇಕಾಗಿಲ್ಲ. ಬಂದ ಸಂದೇಶವನ್ನು ತಪ್ಪಿಲ್ಲದೆ ಓದಿಕೊಳ್ಳುವ ಸಲುವಾಗಿ ಉಪಕರಣವು ಅಲೆಗಳ ದಾರಿಯ ಸ್ಥಿತಿಯನ್ನು ಹೇಗೂ ಅಳೆದುಕೊಳ್ಳುತ್ತಲೇ ಇರುತ್ತದೆ. ಬಳಸಿ ಬಿಟ್ಟುಬಿಡುತ್ತಿದ್ದ ಆ ಅಳತೆಯನ್ನು ಈಗ ಕೂಡಿಡಲಾಗುತ್ತದೆ, ಅಷ್ಟೆ. ಯಾರೋ ಚಲಿಸಿದರೆಂಬುದು ಮಾತ್ರ ತಿಳಿದರೆ ಸಾಕೆನ್ನುವವರು, ಕಳೆದ ಕೆಲವು ಕ್ಷಣಗಳ ಏರಿಳಿತವನ್ನು ಮನೆಯು ನಿಶ್ಚಲವಾಗಿದ್ದಾಗಿನ ಏರಿಳಿತದೊಡನೆ ಹೋಲಿಸಬಹುದು. ಪ್ರೌಢಶಾಲೆಯ ಹುಡುಗನು ಮಾಡಬಹುದಾದ ಈ ಗಣಿತವನ್ನು ಅಗ್ಗದ ಚಿಪ್ಪೊಂದು ಆಯಾಸವಿಲ್ಲದೆ ಮಾಡುತ್ತದೆ. ನಮ್ಮ ಮನೆಗಳ ಚಾವಣಿಯ ಫ್ಯಾನು ಇದಕ್ಕೆ ಸ್ವಲ್ಪ ತೊಡಕನ್ನು ಒಡ್ಡುವುದಾದರೂ, ಅದರ ತಿರುಗಾಟದಲ್ಲಿ ನಿಯತವಾದ ಲಯವಿರುವುದರಿಂದ ಅದನ್ನು ಲೆಕ್ಕದಿಂದ ಕಳೆದುಬಿಡಬಹುದು.

ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದವರು 2010ರ ವೇಳೆಗೆ ನಿಸ್ತಂತು ಸಂಕೇತಗಳ ಬಲವನ್ನಷ್ಟೇ ಅಳೆದು ಜನರಿರುವ ಎಡೆಯನ್ನು ಗುರುತಿಸಿದ್ದರು, 2013ರಲ್ಲಿ ಎಂ.ಐ.ಟಿ.ಯ ದೀನಾ ಕತಾಬಿ ಮತ್ತು ಫಾದೆಲ್ ಅದೀಬ್ ಎಂಬ ವಿದ್ವಾಂಸರು ವೈಫೈ ಅಲೆಗಳಿಂದ ಗೋಡೆಯಾಚೆಯ ಚಲನೆಯನ್ನು ಕಂಡುಹಿಡಿದು ತೋರಿಸಿದರು. ಇದರಿಂದಾಗುವ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಮಕ್ಕಳು ಪರದೇಶದಲ್ಲಿದ್ದು ಒಂಟಿಯಾಗಿ ಉಳಿದ ವೃದ್ಧರು ಬೆಳಗ್ಗೆ ಎದ್ದು ಓಡಾಡಿದರೋ ಇಲ್ಲವೋ ಎಂಬುದನ್ನು, ಸ್ನಾನದ ಮನೆಯವರೆಗೂ ಕ್ಯಾಮೆರಾ ಇಡುವ ಅಸಹ್ಯವಿಲ್ಲದೆ, ತಿಳಿಯಬಹುದು. ಜನರಿಲ್ಲದ ಕೋಣೆಯ ದೀಪವನ್ನು ಆರಿಸಬಹುದು. ಅಲುಗಾಡದೆ ಪುಸ್ತಕ ಓದುತ್ತ ಕುಳಿತವನನ್ನು ಸರಳವಾದ ಏರ್ಪಾಟು ಗುರುತಿಸಲಾರದೆ ಕತ್ತಲಲ್ಲಿ ಕೂರಿಸುವ ಸಂಭವವೂ ಇದೆಯೆನ್ನಿ.

ಚಲನೆ ಮಾತ್ರ ತಿಳಿಯುತ್ತದೆ, ಚಿತ್ರವಿಲ್ಲ, ಧ್ವನಿಯಿಲ್ಲ, ಆದುದರಿಂದ ಯಾರ ಗುಟ್ಟಿಗೂ ಭಂಗವಿಲ್ಲ ಎಂಬುದು ಇದರ ಪರವಾಗಿ ಹೇಳತಕ್ಕ ಮಾತು. ಈ ಮಾತು ನಿಲ್ಲುವುದಿಲ್ಲ. ಜರ್ಮನಿಯ ಕಾರ್ಲ್ಸ್‌ರೂಹೆ ತಂತ್ರವಿದ್ಯಾ ಸಂಸ್ಥೆಯ ಸಂಶೋಧಕರು 197 ಜನರ ಮೇಲೆ ನಡೆಸಿ 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈಫೈ ಅಲೆಗಳ ನಡುವೆ ನಡೆದುಹೋದವರು ಯಾರೆಂಬುದನ್ನೇ ಹೆಚ್ಚುಕಡಮೆ ನೂರಕ್ಕೆ ನೂರರಷ್ಟು ಸರಿಯಾಗಿ ಹೇಳಲು ಸಾಧ್ಯವಾಯಿತು. ಗುರುತಿಸಲ್ಪಟ್ಟವನ ಜೇಬಿನಲ್ಲಿ ಫೋನು ಇರಬೇಕಾದುದೂ ಇಲ್ಲ. ಫೋನುಗಳು ಪೆಟ್ಟಿಗೆಗೆ ಗುಪ್ತಲಿಪಿಯ ರಕ್ಷಣೆಯಿಲ್ಲದೆ ಕಳುಹಿಸುವ ಕೆಲವು ವರದಿಗಳೇ ಅವರಿಗೆ ಸಾಕಾದವು; ಅಂಥ ವರದಿಗಳನ್ನು ಸಮೀಪದಲ್ಲಿರುವ ಯಾರಾದರೂ ಹಿಡಿದುಕೊಳ್ಳಬಹುದು.

ಅಮೆರಿಕದಲ್ಲಿ ಕಾಮ್‌ಕಾಸ್ಟ್ ಎಂಬ ಭಾರಿ ಕಂಪನಿಯು ತನ್ನ ಗ್ರಾಹಕರಿಗೆ ಇಂಥ ಸೌಕರ್ಯವನ್ನು ಒದಗಿಸಿದೆ. ಗೃಹಸ್ಥನು ತಾನಾಗಿ ಚಾಲೂ ಮಾಡಿದ ಹೊರತು ಅದು ನಡೆಯುವುದಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಹೀಗೆ ದೊರೆತ ಮಾಹಿತಿಯನ್ನು, ಕಾಯಿದೆಗೆ ಒಳಪಟ್ಟು, ಪೋಲೀಸು ತನಿಖೆಗಳ ಸಂಬಂಧದಲ್ಲಿ ಗ್ರಾಹಕನಿಗೆ ಬೇರೆ ತಿಳುವಳಿಕೆ ಕೊಡದೆಯೇ ಇತರರಿಗೆ ಒಪ್ಪಿಸಬಹುದೆಂದು 2025ರಲ್ಲಿ ಪತ್ರಿಕೆಗಳ ಗಮನಕ್ಕೆ ಬಂದ ಅದರ ಷರತ್ತುಗಳಲ್ಲಿ ಬರೆದಿತ್ತು. ಆ ದೇಶದ ಸರ್ವೋಚ್ಚ ನ್ಯಾಯಾಲಯವು 2001ರ ಕೈಲೋ ಮೊಕದ್ದಮೆಯಲ್ಲಿ, ಪೋಲೀಸಿನವರು ಬೀದಿಯಲ್ಲಿ ನಿಂತು ಶಾಖವನ್ನು ಕಾಣುವ ಯಂತ್ರದಿಂದ ಮನೆಯನ್ನು ಪರೀಕ್ಷಿಸಿದುದು ವಾರಂಟು ಬೇಕಾದ ಶೋಧನೆಯೇ ಎಂದು ತೀರ್ಮಾನಿಸಿತು. ಆ ತೀರ್ಪು ಸಾರ್ವಜನಿಕರ ಸಾಮಾನ್ಯ ಬಳಕೆಯಲ್ಲಿ ಇಲ್ಲದ ಯಂತ್ರವನ್ನು ಉದ್ದೇಶಿಸಿದ್ದು. ಹಾಗಾದರೆ ಯಂತ್ರವು ಮನೆಮನೆಯಲ್ಲಿಯೂ ನೆಲಸಿದ ಮೇಲೆ ರಕ್ಷಣೆಯ ಗತಿಯೇನು?

ನಮ್ಮಲ್ಲಿಯೂ ಈ ಪ್ರಶ್ನೆಗೆ ಪೂರ್ವೇತಿಹಾಸವಿದೆ. ಉತ್ತರ ಪ್ರದೇಶದ ಖರಕ್ ಸಿಂಗನೆಂಬವನು ಮನೆಯಲ್ಲಿದ್ದಾನೆಯೋ ಇಲ್ಲವೋ ನೋಡಲು ಪೋಲೀಸಿನವರೂ ಚೌಕೀದಾರರೂ ಅಪರಾತ್ರಿಯಲ್ಲಿ ಬಂದು ಬಾಗಿಲು ಬಡಿಯುತ್ತಿದ್ದುದನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ರದ್ದುಗೊಳಿಸಿತು. ಖಾಸಗಿತನವು ಮೂಲಭೂತ ಹಕ್ಕಲ್ಲವೆಂದು ಅದೇ ತೀರ್ಪಿನಲ್ಲಿದ್ದ ಮಾತನ್ನು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರು ತಂದ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೊಡೆದುಹಾಕಿತು. ಖರಕ್ ಸಿಂಗನಿಗೆ ಕೊನೆಯ ಪಕ್ಷ ಬಾಗಿಲು ಬಡಿದುದು ಕೇಳಿಸುತ್ತಿತ್ತು. ವೈಫೈ ಅಲೆಯಿಂದ ಅದೇ ತನಿಖೆ ನಡೆದರೆ ಒಳಗಿದ್ದವನಿಗೆ ಎಚ್ಚರವೂ ಆಗಲಾರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಇದಕ್ಕೆ ಉತ್ತರ ಕೊಡುತ್ತದೆಯೇ? ಗುರುತಿಸಬಹುದಾದ ವ್ಯಕ್ತಿಗೆ ಸಂಬಂಧಿಸಿದ ದತ್ತಾಂಶಕ್ಕೆ ಮಾತ್ರ ಆ ಕಾಯಿದೆಯು ಅನ್ವಯಿಸುತ್ತದೆ. 'ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಚಲನೆಯಾಯಿತು' ಎಂಬುದು ಯಾವ ವ್ಯಕ್ತಿಗೂ ಸೇರಿದ ಸಂಗತಿಯಲ್ಲವೆಂದು ಕಂಪನಿಯ ವಕೀಲರು ವಾದಿಸಬಹುದು. ಕಾರ್ಲ್ಸ್‌ರೂಹೆಯ ಪ್ರಯೋಗವು ಆ ವಾದದ ಬುಡವನ್ನೇ ಅಲ್ಲಾಡಿಸುತ್ತದೆ. ಇನ್ನು 17ನೆಯ ಕಲಮು, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ಯಾವುದೇ ಸರ್ಕಾರಿ ಅಂಗವನ್ನು ಈ ಕಾಯಿದೆಯಿಂದಲೇ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅಷ್ಟು ವಿಶಾಲವಾದ ಬಾಗಿಲನ್ನು ತೆರೆದಿಟ್ಟುದು ಯುಕ್ತವಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಒಪ್ಪಿಗೆಯ ಮಾತೂ ಸುಲಭವಾದುದಲ್ಲ. ಬೆಂಗಳೂರು, ಮೈಸೂರುಗಳ ವಠಾರಗಳಲ್ಲಿ ಎರಡು ಸಂಸಾರಗಳ ನಡುವೆ ಇರುವುದು ಒಂದೇ ಗೋಡೆ. ಒಬ್ಬ ಬಾಡಿಗೆದಾರನು ಒಪ್ಪಿದ ಅಲೆಯು ಪಕ್ಕದ ಮನೆಯ ಹೆಂಗಸರ ಓಡಾಟವನ್ನೂ ಬರೆದುಕೊಳ್ಳಬಹುದು. ವಠಾರದಲ್ಲಿ ಗುಟ್ಟೆಂಬುದು ಎಂದಿತ್ತು ಎಂದು ವಾಚಕರು ನಗಬಹುದು. ಆದರೆ ನೆರೆಯವರಿಗೆ ತಿಳಿದುದು ಗಂಟೆಗಂಟೆಯ ಲೆಕ್ಕವಾಗಿ ದೂರದ ಕಚೇರಿಯೊಂದರ ಕಡತವನ್ನು ಸೇರುತ್ತಿರಲಿಲ್ಲ.

ಆದುದರಿಂದ ಮನೆಯೊಳಗಿನ ಚಲನೆಯ ದಾಖಲೆಯು ವೈಯಕ್ತಿಕ ದತ್ತಾಂಶವೇ ಎಂದು ಕೇಂದ್ರ ಸರ್ಕಾರದವರು ಸ್ಪಷ್ಟವಾಗಿ ಸಾರತಕ್ಕದ್ದು. ಲೆಕ್ಕವು ಅಷ್ಟು ಹಗುರವಾದುದಾಗಿರುವುದರಿಂದ ಅದು ಪೆಟ್ಟಿಗೆಯೊಳಗೇ ಮುಗಿಯಬಹುದು. ಕಂಪನಿಗೆ ಅದನ್ನು ಕಳುಹಿಸಬೇಕಾದ ಅಗತ್ಯವೇ ಇಲ್ಲ. ಗೃಹಸ್ಥನು ಕೇಳದೆ ಈ ಶಕ್ತಿಯನ್ನು ಚಾಲೂ ಮಾಡಕೂಡದು. ಮ್ಯಾಜಿಸ್ಟ್ರೇಟರ ವಾರಂಟಿಲ್ಲದೆ ಅದರ ದಾಖಲೆಯು ಪೋಲೀಸಿನವರ ಕೈಸೇರಕೂಡದು. 2025ರ ನವೆಂಬರಿನಲ್ಲಿ ಹೊರಟ ನಿಯಮಗಳ ಮುಖ್ಯಭಾಗವು ಹದಿನೆಂಟು ತಿಂಗಳ ತರುವಾಯ, ಎಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಕರ್ನಾಟಕದ ಲೋಕಸಭಾ ಸದಸ್ಯರು ಆ ಗಡುವಿಗೆ ಮುಂಚೆಯೇ ಈ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಿ, ಸಂಬಂಧಪಟ್ಟ ಮಂತ್ರಿಗಳಿಂದ ಲಿಖಿತ ಉತ್ತರವನ್ನು ಪಡೆಯಬೇಕೆಂದು ನಾವು ಒತ್ತಾಯಪಡಿಸುತ್ತೇವೆ.