ಮಳೆಯಂಗಿ ಶೋಕಿಯಲ್ಲ

ಜಯನಗರ, ಬನಶಂಕರಿಗಳಲ್ಲಿ ನಸುಕಿಗೇ ಪತ್ರಿಕೆ ಹಂಚುವವರು ಮಳೆ ಬಂದರೆ ಪ್ಲಾಸ್ಟಿಕ್ ಹೊದ್ದು ಸೈಕಲ್ ತುಳಿಯುತ್ತಾರೆ. ಹೊರಗಿನ ನೀರನ್ನು ತಡೆಯುವ ಆ ಹೊದಿಕೆ ಒಳಗಿನ ಬೆವರನ್ನೂ ಹೊರಬಿಡದು. ಸವಾರಿ ನಿಂತೊಡನೆ ಆ ತೇವವೇ ಚಳಿಯಾಗಿ ಕಾಡುತ್ತದೆ. ಆದ್ದರಿಂದ ಜಾಕೆಟ್ ಕೊಳ್ಳುವಾಗ ದಪ್ಪಕ್ಕಿಂತ ಗಾಳಿಯಾಡುವ ಗುಣ ಮುಖ್ಯ. ಕಂಕುಳಲ್ಲಿ ಜಿಪ್, ಸೊಂಟದ ಕೆಳಗಿಳಿಯುವ ಹಿಂಬದಿ, ವಾಹನದ ಬೆಳಕಿಗೆ ಹೊಳೆಯುವ ಪಟ್ಟಿ ಇರಬೇಕು.

ಇಂಥ ಜಾಕೆಟ್ ಅಗ್ಗವಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. 2,500 ರೂಪಾಯಿ ಮೀರಿದ ಉಡುಪಿನ ಮೇಲಿನದು ಶೇ 12ರಿಂದ 18ಕ್ಕೆ ಏರಿತು. ದುಡಿಮೆಗಾಗಿ ಸೈಕಲ್ ಏರುವವರಿಗೆ ಜಾಕೆಟ್ ಶೋಕಿಯಲ್ಲ, ಮಳೆಗಾಲದ ಸಲಕರಣೆ. ಸೈಕಲ್ಲಿಗೆ ಸಿಕ್ಕ ರಿಯಾಯಿತಿ ಸವಾರರ ಮೈಗಾಪಿಗೂ ದೊರೆಯುವುದು ನ್ಯಾಯ.