ಉಮ್ಮನ ಸ್ವರ ಯಾರ ಕಂಪ್ಯೂಟರಿನಲ್ಲಿರಬೇಕು?

ತಂದೆಯ ಅಂಗಡಿಯ ಸಾಲದ ಪುಸ್ತಕ ಎಂದೂ ಹೊರಗೆ ಹೋದದ್ದಿಲ್ಲ. ಕಂಪ್ಯೂಟರಿಗೆ ಬ್ಯಾರಿ ಕಲಿಸಲೆಂದು ಉಮ್ಮಂದಿರ ಮಾತು ರೆಕಾರ್ಡ್ ಮಾಡುವವರು ಅದನ್ನೂ ಹಾಗೆ ನಮ್ಮಲ್ಲೇ ಇಟ್ಟುಕೊಳ್ಳಬೇಕು ಎನ್ನುತ್ತೇನೆ. ಅದರಲ್ಲಿ ಮನೆತನದ ಹೆಸರು, ಮದುವೆ ಮಾತುಕತೆ ಎಲ್ಲ ಇರುತ್ತದೆ.

ಆದರೆ ಹಲವು ಯಂತ್ರಗಳನ್ನು ಒಂದಾಗಿ ದುಡಿಸುವ ಕುಬರ್ನೆಟಿಸ್, ಅದರ ಮೇಲೆ ಗೂಗಲ್‌ನವರು 2017ರಲ್ಲಿ ಬಿಟ್ಟ ಕೂಬ್‌ಫ್ಲೋ, ಇಷ್ಟನ್ನೂ ಮನೆಯಲ್ಲಿ ಕೂರಿಸಲು ಹೋಗಬೇಡಿ. ನಾನು ಎರಡು ಹಳೆಯ ಕಂಪ್ಯೂಟರುಗಳಲ್ಲಿ ನೋಡಿದೆ. ಕಲಿಕೆ ಶುರುವಾಗುವ ಮೊದಲೇ ಮೆಮೊರಿ ಮುಗಿಯಿತು. (ಸ್ಕೂಟರಿಗೆ ಲಾರಿ ಇಂಜಿನ್ ಕೂರುವುದಿಲ್ಲ ಎಂದು ಮೆಕ್ಯಾನಿಕಲ್ ಡಿಪ್ಲೊಮಾದವನಿಗೆ ಗೊತ್ತಿರಬೇಕಿತ್ತು.) ಹಗುರವಾದ ಕೆ3ಎಸ್, ಪ್ರಯೋಗಗಳ ಲೆಕ್ಕವಿಡಲು ಎಂಎಲ್‌ಫ್ಲೋ ಸಾಕು. ಉಳಿದ ಹಣದಲ್ಲಿ ಯುಪಿಎಸ್ ತನ್ನಿ, ಇನ್ನೊಂದು ಮನೆಯಲ್ಲಿ ಒಂದು ಪ್ರತಿ ಇಡಿ. ಸಿಡಿಲು ಬಡಿದ ಮೇಲೆ ಕಂಟೇನರನ್ನು ಮತ್ತೆ ಎಬ್ಬಿಸಬಹುದು, ಸುಟ್ಟ ಡಿಸ್ಕನ್ನಲ್ಲ. ಉಮ್ಮನ ಅರ್ಧ ಗಂಟೆಯ ಮಾತು ಹೋದ ಮಳೆಗಾಲದಲ್ಲಿ ಹಾಗೆ ಹೋಯಿತು. ಮತ್ತೆ ಹೇಳಿಸಿದಾಗ ಕತೆಯೇ ಬೇರೆಯಾಗಿತ್ತು.