ಲುಬಾನ್ ಹಾದುಹೋದ ಕಡಲು ಮತ್ತು ಅಂಬರಿನ ಆಸೆ

ಪ್ರವಾದಿ ಯೂನುಸ್(ಅ)ರ ವೃತ್ತಾಂತವನ್ನು ಕೇಳದೆ ಬೆಳೆದ ಮಗು ನಮ್ಮ ಮನೆಗಳಲ್ಲಿ ಇರಲಾರದು. ಅವರನ್ನು ನುಂಗಿದ ಜೀವಿಯನ್ನು ಪವಿತ್ರ ಕುರ್‌ಆನ್ ‘ಹೂತ್’ ಎಂದು ಕರೆದಿದೆ. ಇಂದಿನ ಅರಬಿ ಭಾಷೆಯಲ್ಲಿ ತಿಮಿಂಗಿಲಕ್ಕೆ ಇದೇ ಹೆಸರು. ಅದು ಪ್ರವಾದಿಯವರನ್ನು ಕೊಲ್ಲಲಿಲ್ಲ. ಅಲ್ಲಾಹನ ಆಜ್ಞೆಗೆ ತಲೆಬಾಗಿ, ತನಗೊಪ್ಪಿಸಿದ ಅಮಾನತ್ತನ್ನು ಕಾಪಾಡಿ ದಡಕ್ಕೆ ಮುಟ್ಟಿಸಿತು. ಈ ವೃತ್ತಾಂತದಿಂದ ನಾವು ತೌಬಾದ ಪಾಠವನ್ನು ಪಡೆಯುತ್ತೇವೆ, ಅದು ಸರಿಯೇ. ಆದರೆ ಆ ಹೂತ್‌ನ ಕುಲ ಇಂದು ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸುವವರು ವಿರಳ.

ಚಚಡಿಯಂತಹ ಊರಿನಲ್ಲಿ ಕುಳಿತು ತಿಮಿಂಗಿಲದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸವದತ್ತಿ, ಬೈಲಹೊಂಗಲದ ಕರಿಮಣ್ಣಿನ ಸೀಮೆಯವರಾದ ನಮಗೆ ಜೋಳ, ಕಡಲೆ, ಹತ್ತಿ ಮತ್ತು ಮಲಪ್ರಭೆಯ ನೀರೇ ಲೋಕ. ಆದರೆ ನಮ್ಮ ಹೊಲಗಳಿಗೆ ಮುಂಗಾರು ಮಳೆ ಬರುವುದು ಅರಬ್ಬೀ ಸಮುದ್ರದ ಕಡೆಯಿಂದಲೇ. ನಮ್ಮ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿ ಗೋವೆಯಲ್ಲಿ ಸೇರುವುದೂ ಅದೇ ಸಮುದ್ರವನ್ನು. ಉಪಕಾರವನ್ನು ಪಡೆದವರು ಉಪಕಾರ ಮಾಡಿದ್ದರ ಕುಶಲವನ್ನು ಕೇಳಬೇಕಲ್ಲವೇ?

ಈ ಸಮುದ್ರದಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಒಂದು ಸಣ್ಣ ಸಮುದಾಯವಿದೆ. ಜಗತ್ತಿನ ಇತರ ಗೂನುಬೆನ್ನಿನ ತಿಮಿಂಗಿಲಗಳು ಆಹಾರಕ್ಕಾಗಿ ಧ್ರುವದ ಕಡೆಯ ತಣ್ಣೀರಿಗೆ ವಲಸೆ ಹೋದರೆ, ಇವು ವರ್ಷವಿಡೀ ಅರಬ್ಬೀ ಸಮುದ್ರವನ್ನು ಬಿಟ್ಟು ಹೋಗುವುದಿಲ್ಲ. ಒಮಾನಿನ ಕರಾವಳಿಯಲ್ಲಿ ನಡೆದ ಅಧ್ಯಯನವು ಅಲ್ಲಿನ ಇವುಗಳ ಸಂಖ್ಯೆಯನ್ನು ನೂರಕ್ಕಿಂತ ಕಡಿಮೆ ಎಂದು ಅಂದಾಜಿಸಿದೆ. 2017ರ ಕೊನೆಯಲ್ಲಿ ಸಂಶೋಧಕರು ಒಮಾನಿನ ಬಳಿ ಒಂದು ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹದ ಮೂಲಕ ಸುಳಿವು ನೀಡುವ ಸಾಧನವನ್ನು ಅಳವಡಿಸಿದರು. ಅದರ ಬಾಲದ ಮೇಲಿನ ಗುರುತು ಲೋಬಾನದ ಮರವನ್ನು ಹೋಲುತ್ತಿದ್ದುದರಿಂದ ಅದಕ್ಕೆ ‘ಲುಬಾನ್’ ಎಂದು ಹೆಸರಿಟ್ಟಿದ್ದರು. ನಮ್ಮ ಮನೆಗಳಲ್ಲಿ ಕೆಂಡದ ಮೇಲೆ ಹಾಕುವ ಲೋಬಾನದ ಹೆಸರೇ ಅದು. ಲುಬಾನ್ ಡಿಸೆಂಬರಿನಲ್ಲಿ ಕಡಲನ್ನು ಅಡ್ಡ ದಾಟಿ ಗೋವೆಯ ಸಮೀಪಕ್ಕೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಕನ್ಯಾಕುಮಾರಿಯ ಕಡೆಗೆ ಸಾಗಿ, ಮತ್ತೆ ಒಮಾನಿಗೆ ಮರಳಿತು. ಅಂದರೆ ಕಾರವಾರ, ಭಟ್ಕಳ, ಮಂಗಳೂರುಗಳ ಎದುರಿನ ಕಡಲನ್ನು ಅದು ಹಾದುಹೋಗಿರಲೇಬೇಕು. ಶತಮಾನಗಳ ಹಿಂದೆ ಅರಬ್ ವರ್ತಕರು ಕುದುರೆಗಳನ್ನು ತುಂಬಿಕೊಂಡು ಭಟ್ಕಳಕ್ಕೆ ಬರುತ್ತಿದ್ದುದೂ ಇದೇ ಕಡಲನ್ನು ದಾಟಿ.

ಇವು ಇಷ್ಟು ಕಡಿಮೆಯಾದುದೇಕೆ? 1965–66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಕಾನೂನನ್ನು ಮೀರಿ ಅರಬ್ಬೀ ಸಮುದ್ರದಲ್ಲಿ 242 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ಈ ಸತ್ಯ ಹೊರಬಿದ್ದದ್ದು ದಶಕಗಳ ನಂತರ. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಘೋಷಿಸಿತು. ವಾಣಿಜ್ಯ ಬೇಟೆಯ ಮೇಲಿನ ತಡೆ 1986ರಿಂದ ಜಾರಿಗೆ ಬಂದಿತು. ಭಾರತ ಸರ್ಕಾರವೂ 2018ರಲ್ಲಿ ಈ ತಿಮಿಂಗಿಲವನ್ನು ತನ್ನ ಪುನಶ್ಚೇತನ ಕಾರ್ಯಕ್ರಮಕ್ಕೆ ಸೇರಿಸಿತು. ಆದರೂ ಬಲೆಗಳು, ಹಡಗುಗಳ ಡಿಕ್ಕಿ, ಯಂತ್ರಗಳ ಸದ್ದು ಅವುಗಳನ್ನು ಕಾಡುತ್ತಲೇ ಇವೆ. ಮನುಷ್ಯರ ಕೈಗಳು ಮಾಡಿದ ಕೆಲಸದಿಂದ ನೆಲದಲ್ಲೂ ಕಡಲಲ್ಲೂ ಕೇಡು ತಲೆದೋರಿದೆ ಎಂದು ಸೂರಃ ಅರ್‍ರೂಮ್ ಎಚ್ಚರಿಸುವಾಗ, ಕಡಲಿನ ಉಲ್ಲೇಖ ಸುಮ್ಮನೆ ಬಂದುದಲ್ಲ.

ಇನ್ನೊಂದು ಕೇಡು ನಮ್ಮ ಯುವಕರ ಬಾಗಿಲಿಗೇ ಬಂದು ನಿಂತಿದೆ. ‘ತಿಮಿಂಗಿಲದ ವಾಂತಿ’ ಎಂದು ಜನ ಕರೆಯುವ ಅಂಬರನ್ನು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಬೆಂಗಳೂರಿನಿಂದಲೂ ಕರಾವಳಿಯಿಂದಲೂ ಕೆಲವು ವರ್ಷಗಳಿಂದ ಮೇಲಿಂದ ಮೇಲೆ ಬರುತ್ತಿದೆ. ಅಂಬರ್ ಹುಟ್ಟುವುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ. ಅದು ನುಂಗಿದ ಸ್ಕ್ವಿಡ್‌ಗಳ ಗಟ್ಟಿ ಕೊಕ್ಕು ಕರುಳನ್ನು ಚುಚ್ಚದಂತೆ ಸುತ್ತುಗಟ್ಟುವ ಮೇಣದಂತಹ ವಸ್ತು ಅದು. ಈ ತಿಮಿಂಗಿಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಆದ್ದರಿಂದ ನಮ್ಮ ದೇಶದಲ್ಲಿ ಅಂಬರಿನ ವ್ಯಾಪಾರ ಅಪರಾಧವಾಗಿದ್ದು, 3ರಿಂದ 7 ವರ್ಷಗಳ ಸೆರೆವಾಸವಾಗಬಹುದು. ಕೋಟಿಯ ಆಸೆ ತೋರಿಸಿ ಮೇಣದ ಉಂಡೆ ಕೊಟ್ಟು ವಂಚಿಸುವವರೂ ಉಂಟು. ಇಂತಹ ಆಸೆಗೆ ಬಿದ್ದ ಮಗ ಸೆರೆಮನೆ ಸೇರಿದರೆ, ವಕೀಲರ ಶುಲ್ಕಕ್ಕೆ ಮಾರಾಟವಾಗುವುದು ತಾಯಿಯ ಬಂಗಾರ.

ಅಂಬರ್ ಹಲಾಲ್ ಸುಗಂಧವಲ್ಲವೇ, ಕಡಲು ಎಸೆದುದನ್ನು ಆರಿಸಿಕೊಂಡರೆ ತಪ್ಪೇನು ಎಂದು ಕೆಲವರು ವಾದಿಸುತ್ತಾರೆ. ಹಿಂದಿನ ವಿದ್ವಾಂಸರು ಅದನ್ನು ಸುಗಂಧವಾಗಿ ಒಪ್ಪಿದ್ದರೆಂಬುದು ನಿಜ. ಅಬೂ ಉಬೈದಾ(ರ)ರ ನೇತೃತ್ವದಲ್ಲಿ ಹೊರಟ ಮುನ್ನೂರು ಸಹಾಬಿಗಳು ದಿನಕ್ಕೊಂದು ಖರ್ಜೂರ ತಿಂದು ಬಳಲಿದ್ದಾಗ, ಕಡಲು ‘ಅಂಬರ್’ ಎಂಬ ಬೃಹತ್ ಮೀನನ್ನು ದಡಕ್ಕೆ ತಂದ ಘಟನೆಯನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಆದರೆ ಅವರು ಹಸಿದಿದ್ದರು, ಅದು ಅವರಿಗೆ ಬಂದ ರಿಝ್ಕ್ ಆಗಿತ್ತು. ಹಸಿದವನ ತುತ್ತನ್ನು ತೋರಿಸಿ ಕಳ್ಳಸಾಗಣೆಯ ಲಾಭವನ್ನು ಸಮರ್ಥಿಸಲಾಗದು. ಇಂದು ಬೆಲೆ ಏರಿದಂತೆಲ್ಲ ಆರಿಸುವ ಕೈ ಬೇಟೆಯ ಕೈಯಾಗುವ ಭಯವಿದೆ. ಆ ಬಾಗಿಲನ್ನು ಮುಚ್ಚಲೆಂದೇ ಕಾನೂನು ಬಂದಿದೆ. ಅನುಮತಿಸಿದ ವಸ್ತುವೂ ಹಾನಿಗೆ ದಾರಿಯಾದರೆ ಆ ದಾರಿಯನ್ನು ತಡೆಯುವುದು ನಮ್ಮ ಫಿಕ್‌ಹ್‌ಗೆ ಹೊಸದಲ್ಲ. ನಾವು ಬಾಳುವ ನಾಡಿನ ಕರಾರನ್ನು ಪಾಲಿಸುವುದೂ ಧರ್ಮವೇ. ಇನ್ನು ಸಂತೆಯಲ್ಲಿ ಅಂಬರ್ ಹೆಸರಿನಲ್ಲಿ ದೊರೆಯುವ ಅಗ್ಗದ ಅತ್ತರು ಕೃತಕವಾಗಿ ತಯಾರಾದುದು. ಅದನ್ನು ಹಚ್ಚಿಕೊಳ್ಳಲು ಸಂಕೋಚ ಬೇಕಿಲ್ಲ.

ಮೀನುಗಾರರ ಕಷ್ಟವನ್ನು ಮರೆತು ಉಪದೇಶ ಮಾಡುವುದೂ ನ್ಯಾಯವಲ್ಲ. ಬಲೆ ಕತ್ತರಿಸಿ ತಿಮಿಂಗಿಲವನ್ನು ಬಿಟ್ಟವನು ತನ್ನ ದುಡಿಮೆಯನ್ನೇ ಕತ್ತರಿಸಿದಂತೆ. ಮಹಾರಾಷ್ಟ್ರವು 2018ರಿಂದ ಹೀಗೆ ಸಂರಕ್ಷಿತ ಜೀವಿಗಳನ್ನು ಬಿಡಿಸುವ ಮೀನುಗಾರರಿಗೆ 25,000 ರೂಪಾಯಿಗಳವರೆಗೆ ಪರಿಹಾರ ನೀಡುತ್ತಿದೆ. ದಯೆಯ ಭಾರವನ್ನು ಬಡವನೊಬ್ಬನ ಹೆಗಲಿಗೆ ಹಾಕದ ಇಂತಹ ವ್ಯವಸ್ಥೆ ಇಡೀ ಕರಾವಳಿಯಲ್ಲಿ ಗಟ್ಟಿಯಾಗಬೇಕು.

ಧರ್ಮೋಪದೇಶಕರ ಮಾತಿಗೆ ಬೆಲೆಯಿದೆ. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಎಂಬ ದೊಡ್ಡ ಮೀನನ್ನು ಬೇಟೆಯಾಡುತ್ತಿದ್ದ ಬೆಸ್ತರಿಗೆ, ಅದು ತವರಿಗೆ ಬರುವ ಮಗಳೆಂದು ಕಥಾವಾಚಕ ಮೊರಾರಿ ಬಾಪು ತಿಳಿಹೇಳಿದರು. ಬೇಟೆಯಾಡುತ್ತಿದ್ದವರೇ ಬಲೆ ಕತ್ತರಿಸಿ ಅದನ್ನು ಬಿಡುಗಡೆ ಮಾಡತೊಡಗಿದರು. ನಮ್ಮ ಮಿಂಬರ್‌ಗಳಿಂದಲೂ ಇಂತಹ ಮಾತು ಕೇಳಿಬರಲಿ. ಮದ್ರಸಾಗಳಲ್ಲಿ ಯೂನುಸ್(ಅ)ರ ಪಾಠ ನಡೆದ ದಿನವೇ ಲುಬಾನ್‌ನ ಪಯಣವನ್ನೂ ಮಕ್ಕಳಿಗೆ ನಕ್ಷೆಯ ಮೇಲೆ ತೋರಿಸೋಣ. ಜನರಿಗೆ ಒಳಿತನ್ನು ಕಲಿಸುವವನಿಗಾಗಿ ಗೂಡಿನ ಇರುವೆಯೂ ಕಡಲಿನ ಹೂತ್ ಕೂಡ ಪ್ರಾರ್ಥಿಸುತ್ತವೆಂದು ಹದೀಸ್ ತಿಳಿಸುತ್ತದೆ. ನಮಗಾಗಿ ಪ್ರಾರ್ಥಿಸುವ ಜೀವಿಗಳ ಅಳಿವನ್ನು ಕಂಡೂ ಮೌನವಾಗಿರುವುದು ಕಲಿಸುವವರಾದ ನಮಗೆ ಸಲ್ಲದು.

ಭೂಮಿಯ ಮೇಲಿನ ಜೀವಿಗಳೂ ನಮ್ಮಂತೆಯೇ ಸಮುದಾಯಗಳೆಂಬ ಕುರ್‌ಆನಿನ ಬೋಧನೆಯನ್ನು ಅರಿಯುವ ಮನಸ್ಸನ್ನು, ಒಪ್ಪಿಸಿದ ಅಮಾನತ್ತನ್ನು ಕೆಡಿಸದೆ ಹಿಂದಿರುಗಿಸುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.